ಕಾವು, ಕೋಶ ಮತ್ತು ಬೀಜ: ಸಸ್ಯಗಳ ಶಾಖಸಂವೇದನೆಯನ್ನು ಕುರಿತ ಅರಿವಿನ ಚರಿತ್ರೆ

ಬಿಸಿಲು ಏರಿದಾಗ ದನ ಮರದ ನೆರಳಿಗೆ ಸರಿಯುತ್ತದೆ, ಹಕ್ಕಿ ಪೊದೆಯೊಳಗೆ ಸೇರುತ್ತದೆ, ಉಳುವವನು ನೊಗ ಬಿಚ್ಚಿ ಮನೆಯ ಕಡೆಗೆ ಹೊರಡುತ್ತಾನೆ. ನೆರಳು ಕೊಡುವ ಮರಕ್ಕೆ ಮಾತ್ರ ಸರಿಯಲು ಬೇರೆ ನೆಲವಿಲ್ಲ. ಬೇರೂರಿದ ಜಾಗದಲ್ಲಿಯೇ ನಿಂತು ಅದು ಕಾವನ್ನು ತಾಳಿಕೊಳ್ಳಬೇಕು, ಇಲ್ಲವೆ ಸಾಯಬೇಕು. ಈ ಅನಿವಾರ್ಯತೆಯಿಂದಾಗಿ ಸಸ್ಯದ ಪ್ರತಿಯೊಂದು ಜೀವಕೋಶದಲ್ಲಿಯೂ ಶಾಖವನ್ನು ಗುರುತಿಸುವ ಮತ್ತು ಅದಕ್ಕೆ ಪ್ರತಿಸ್ಪಂದಿಸುವ ಸೂಕ್ಷ್ಮವಾದ ವ್ಯವಸ್ಥೆಯೊಂದು ರೂಪುಗೊಂಡಿದೆ.

ಈ ವ್ಯವಸ್ಥೆಯನ್ನು ಮನುಷ್ಯ ಅರಿತುಕೊಂಡ ಬಗೆಯನ್ನು ಚಾರಿತ್ರಿಕವಾಗಿ ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಪ್ರಯೋಗಾಲಯಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ಅದು ತಪ್ಪಲ್ಲವಾದರೂ ಅಪೂರ್ಣ. ಕೋಶದೊಳಗಿನ ವಿದ್ಯಮಾನವನ್ನು ಬಿಡಿಸಿ ತೋರಿಸಿದ್ದು ವಿಜ್ಞಾನ. ಆದರೆ ಆ ವಿದ್ಯಮಾನವು ಸಮರ್ಥವಾಗಿ ನಡೆಯುವ ತಳಿಗಳನ್ನು ಸಾವಿರಾರು ವರ್ಷ ಕಾಪಾಡಿಕೊಂಡು ಬಂದವರು ಹೆಸರಿಲ್ಲದ ಬೇಸಾಯಗಾರರು. ಈ ಎರಡು ಧಾರೆಗಳು ಇಪ್ಪತ್ತೊಂದನೆಯ ಶತಮಾನದಲ್ಲಿ ಎಲ್ಲಿ ಕೂಡಿದವು, ಕೂಡಿದ ಮೇಲೆ ಯಾರಿಗೆ ಯಾವ ಮನ್ನಣೆ ದೊರೆಯಿತು ಎಂಬ ಪ್ರಶ್ನೆ ಇಲ್ಲಿ ಮುಖ್ಯವಾದುದು.

ನುಡಿಯಲ್ಲಿ ಉಳಿದ ತಿಳಿವಳಿಕೆ

ಕನ್ನಡದ ಕೃಷಿ ಪದಸಂಪತ್ತಿನಲ್ಲಿ ಬಿಸಿಲಿನ ಪೆಟ್ಟನ್ನು ಸೂಚಿಸುವ ಪದಗಳು ಹಲವು. ಬಾಡುವುದು, ಸೊರಗುವುದು, ಕಮರುವುದು, ಸೀದುಹೋಗುವುದು ಇವು ಒಂದೇ ಅರ್ಥದ ಪದಗಳಲ್ಲ. ಮಧ್ಯಾಹ್ನ ಬಾಡಿದ ಗಿಡ ಸಂಜೆಯ ತಂಪಿಗೆ ತಲೆಯೆತ್ತುತ್ತದೆ. ಸೊರಗಿದ ಗಿಡಕ್ಕೆ ಹಲವು ದಿನಗಳ ಆರೈಕೆ ಬೇಕು. ಕಮರಿದ ಎಲೆ ಮತ್ತೆ ಹಸಿರಾಗುವುದಿಲ್ಲ. ಮರಳಿ ಚೇತರಿಸಿಕೊಳ್ಳಬಹುದಾದ ಹಾನಿಗೂ ಮರಳಲಾಗದ ಹಾನಿಗೂ ನಡುವೆ ಇರುವ ಗೆರೆಯನ್ನು ಈ ಪದಗಳು ಗುರುತಿಸುತ್ತವೆ. ಸಸ್ಯಶರೀರಶಾಸ್ತ್ರವು ಹುಡುಕಿದ್ದೂ ಇದೇ ಗೆರೆಯನ್ನು. ಹಾಗೆಯೇ 'ಜೊಳ್ಳು' ಎಂಬ ಪದ. ಹೊರನೋಟಕ್ಕೆ ತೆನೆ ಸರಿಯಾಗಿಯೇ ಇದ್ದು ಒಳಗೆ ಕಾಳು ಕಟ್ಟದ ಸ್ಥಿತಿಯನ್ನು ಅದು ಹೇಳುತ್ತದೆ. ಹೂವಾಡುವ ಹೊತ್ತಿನ ಅತಿಶಾಖ ಭತ್ತದಲ್ಲಿ ಉಂಟುಮಾಡುವ ಹಾನಿಯ ಮುಖ್ಯ ರೂಪವೇ ಇದು.

ಆಚರಣೆಯಲ್ಲಿಯೂ ಇಂತಹ ತಿಳಿವಳಿಕೆ ಅಡಕವಾಗಿದೆ. ಒಟ್ಲಿನಲ್ಲಿ ನೆರಳು ನೀರು ಕಂಡು ಬೆಳೆದ ತರಕಾರಿ ಸಸಿಗಳನ್ನು ಕೀಳುವುದಕ್ಕೆ ಮುನ್ನ ಕೆಲವು ದಿನ ನೀರು ಕಡಮೆ ಮಾಡಿ, ನೆರಳು ತೆಗೆದು ಬಿಸಿಲಿಗೆ ಒಗ್ಗಿಸುವ ರೂಢಿ ಬೆಳೆಗಾರರಲ್ಲಿದೆ. ಸ್ವಲ್ಪ ಕಷ್ಟ ಕಂಡ ಸಸಿ ದೊಡ್ಡ ಕಷ್ಟವನ್ನು ತಾಳುತ್ತದೆ ಎಂಬುದು ಈ ರೂಢಿಯ ಹಿಂದಿರುವ ಗ್ರಹಿಕೆ.

ಶಿಷ್ಟ ಪರಂಪರೆಯಲ್ಲಿಯೂ ಈ ವಿಷಯ ಚರ್ಚೆಗೆ ಬಂದಿದೆ. ಮಹಾಭಾರತದ ಶಾಂತಿಪರ್ವದಲ್ಲಿ ಬರುವ ಭೃಗು ಭರದ್ವಾಜರ ಸಂವಾದದಲ್ಲಿ ಮರಗಳಿಗೆ ಇಂದ್ರಿಯಗಳಿವೆಯೇ ಎಂಬ ಪ್ರಶ್ನೆ ಏಳುತ್ತದೆ. ಶಾಖದಿಂದ ಎಲೆ, ತೊಗಟೆ, ಹಣ್ಣು, ಹೂಗಳು ಬಾಡುವುದರಿಂದ ಮರಕ್ಕೆ ಸ್ಪರ್ಶಜ್ಞಾನವಿದೆ ಎಂದು ಭೃಗು ಅಲ್ಲಿ ಅನುಮಾನಪ್ರಮಾಣದಿಂದ ಸಾಧಿಸುತ್ತಾನೆ. ವೃಕ್ಷಾಯುರ್ವೇದದ ಪರಂಪರೆಯು ಮರಗಳ ರೋಗಗಳನ್ನು ವಾತ, ಪಿತ್ತ, ಕಫಗಳ ನೆಲೆಯಲ್ಲಿ ವಿವರಿಸಿತು. ಸುಮಾರು ಕ್ರಿ.ಶ. 1025ರಲ್ಲಿ ಚಾವುಂಡರಾಯನು ರಚಿಸಿದ ಕನ್ನಡದ 'ಲೋಕೋಪಕಾರ'ದಲ್ಲಿ ವೃಕ್ಷಾಯುರ್ವೇದಕ್ಕೆ ಪ್ರತ್ಯೇಕ ಸ್ಥಾನವಿದೆ. ಇವುಗಳಲ್ಲಿ ಆಧುನಿಕ ಕೋಶವಿಜ್ಞಾನವನ್ನು ಹುಡುಕುವುದು ಸಲ್ಲದು. ಶಾಂತಿಪರ್ವದ ವಾದ ತಾತ್ವಿಕವಾದುದೇ ಹೊರತು ಪ್ರಾಯೋಗಿಕವಾದುದಲ್ಲ. ಆದರೆ ಬಾಡುವಿಕೆಯನ್ನು ಕೇವಲ ಜಡವಸ್ತುವಿನ ವಿಕಾರವೆಂದು ನೋಡದೆ, ಅರಿಯುವ ಜೀವಿಯೊಂದರ ಲಕ್ಷಣವೆಂದು ನೋಡಿದ ದೃಷ್ಟಿ ಗಮನಾರ್ಹವಾದುದು.

ಮಿತಿಯ ಹುಡುಕಾಟ

ಸಸ್ಯ ಎಷ್ಟು ಶಾಖವನ್ನು ತಾಳಬಲ್ಲದು ಎಂಬ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದ ಜರ್ಮನಿಯ ಸಸ್ಯವಿಜ್ಞಾನಿ ಯೂಲಿಯಸ್ ಸ್ಯಾಕ್ಸ್ ಪ್ರಯೋಗದ ವಸ್ತುವಾಗಿಸಿದನು. ಸಸ್ಯಜೀವನದ ಉಷ್ಣತೆಯ ಮೇಲ್ಮಿತಿಯನ್ನು ಕುರಿತ ಅವನ ಬರಹ ಪ್ರಕಟವಾದುದು 1864ರಲ್ಲಿ. ಗಾಳಿಯಲ್ಲಿಟ್ಟ ಗಿಡಗಳು 50 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ತಮ್ಮ ಮಿತಿಯನ್ನು ಮುಟ್ಟುತ್ತವೆ, ಬಿಸಿನೀರಿನಲ್ಲಿ ಮುಳುಗಿಸಿದರೆ ಅದಕ್ಕೂ ಕಡಮೆ ಉಷ್ಣತೆಯಲ್ಲಿ ಸಾಯುತ್ತವೆ ಎಂದು ಅವನು ಕಂಡನು. ಗಾಳಿಯಲ್ಲಿರುವ ಎಲೆ ಪತ್ರರಂಧ್ರಗಳ ಮೂಲಕ ನೀರನ್ನು ಆವಿಯಾಗಿಸಿ ತನ್ನನ್ನು ತಾನೇ ತಂಪಾಗಿಸಿಕೊಳ್ಳಬಲ್ಲದು. ನೀರಿನೊಳಗೆ ಆ ದಾರಿ ಮುಚ್ಚಿಹೋಗುತ್ತದೆ. ಬೇಸಗೆಯಲ್ಲಿ ನೀರಿನ ಕೊರತೆ ಮತ್ತು ಕಾವು ಒಟ್ಟಿಗೆ ಬಂದಾಗ ಬೆಳೆ ಬೇಗ ಕೈಬಿಡುವುದಕ್ಕೆ ಕಾರಣವೂ ಇದೇ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಲ್ಕತ್ತದ ಜಗದೀಶಚಂದ್ರ ಬೋಸರು ಇದೇ ಪ್ರಶ್ನೆಯನ್ನು ಬೇರೊಂದು ನೆಲೆಯಿಂದ ಎತ್ತಿದರು. ಸಾಯುವ ಗಳಿಗೆಯಲ್ಲಿ ಸಸ್ಯದೊಳಗೆ ಏನಾಗುತ್ತದೆ ಎಂಬುದು ಅವರ ಜಿಜ್ಞಾಸೆ. ನೀರಿನ ಉಷ್ಣತೆಯನ್ನು ನಿಧಾನವಾಗಿ ಏರಿಸುತ್ತ ಹೋದಾಗ ಸುಮಾರು 60 ಡಿಗ್ರಿಯ ಬಳಿ ಸಸ್ಯವು ಒಮ್ಮೆಲೆ ಸೆಟೆಯುವಂತಹ ಪ್ರತಿಕ್ರಿಯೆಯನ್ನು ತೋರುವುದನ್ನೂ, ಅದರೊಂದಿಗೆ ವಿದ್ಯುತ್ ಬದಲಾವಣೆ ಉಂಟಾಗುವುದನ್ನೂ ತಮ್ಮ ಸೂಕ್ಷ್ಮ ಉಪಕರಣಗಳಿಂದ ದಾಖಲಿಸಿದರು. ಸಸ್ಯದ ಪ್ರತಿಕ್ರಿಯೆಗಳನ್ನು ಕುರಿತ ಅವರ ಬೃಹತ್ ಗ್ರಂಥ 1906ರಲ್ಲಿ ಪ್ರಕಟವಾಯಿತು. ಸಸ್ಯದ ಅಂಗಾಂಶಕ್ಕೆ ಪ್ರಾಣಿಯ ಅಂಗಾಂಶದಂತೆಯೇ ಉತ್ತೇಜನಗೊಳ್ಳುವ ಗುಣವಿದೆ ಎಂಬ ಅವರ ನಿಲುವನ್ನು ಅಂದಿನ ಪಾಶ್ಚಾತ್ಯ ಶರೀರವಿಜ್ಞಾನಿಗಳಲ್ಲಿ ಹಲವರು ಸಂಶಯದಿಂದ ಕಂಡರು. ಸ್ಯಾಕ್ಸ್ ಕೇಳಿದ್ದು ಎಷ್ಟು ಶಾಖಕ್ಕೆ ಸಾವು ಎಂದು; ಬೋಸರು ಕೇಳಿದ್ದು ಶಾಖಕ್ಕೆ ಸಸ್ಯ ಏನನ್ನುತ್ತದೆ ಎಂದು. ಆದರೆ ಕೋಶದ ಒಳಗಿನ ರಾಸಾಯನಿಕ ವ್ಯಾಪಾರವನ್ನು ಕಾಣುವ ಸಾಧನಗಳು ಇಬ್ಬರಿಗೂ ಇರಲಿಲ್ಲ.

ಹಣ್ಣುನೊಣದಿಂದ ಸೋಯಾ ಸಸಿಗೆ

ಆ ಬಾಗಿಲು ತೆರೆದುದು ಸಸ್ಯದಿಂದಲ್ಲ, ಹಣ್ಣುನೊಣದಿಂದ. ಇಟಲಿಯ ತಳಿವಿಜ್ಞಾನಿ ಫೆರುಚ್ಚೊ ರಿತೋಸ್ಸ ಅವರು ಡ್ರೊಸೊಫಿಲ ಎಂಬ ಹಣ್ಣುನೊಣದ ಮರಿಹುಳುವಿನ ಲಾಲಾಗ್ರಂಥಿಗಳಲ್ಲಿರುವ ದೊಡ್ಡ ವರ್ಣತಂತುಗಳನ್ನು ಅಧ್ಯಯನ ಮಾಡುತ್ತಿದ್ದರು. ಪ್ರಯೋಗಾಲಯದಲ್ಲಿ ಬೇರೊಬ್ಬರು ಕಾವುಪೆಟ್ಟಿಗೆಯ ಉಷ್ಣತೆಯನ್ನು ಹೆಚ್ಚಿಸಿಬಿಟ್ಟಿದ್ದರಿಂದ ಆ ಹುಳುಗಳಿಗೆ ಅನಿರೀಕ್ಷಿತವಾಗಿ ಶಾಖ ತಗುಲಿತು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ವರ್ಣತಂತುಗಳ ಮೇಲೆ ಅದುವರೆಗೆ ಇಲ್ಲದಿದ್ದ ಜಾಗಗಳಲ್ಲಿ ಉಬ್ಬುಗಳು ಕಾಣಿಸಿಕೊಂಡಿದ್ದವು. ಉಬ್ಬು ಎಂದರೆ ಆ ಜಾಗದ ವಂಶವಾಹಿ ಚಟುವಟಿಕೆಯಲ್ಲಿ ತೊಡಗಿದೆ ಎಂದು ಅರ್ಥ. ಶಾಖವು ವಂಶವಾಹಿಗಳನ್ನು ಎಬ್ಬಿಸಬಲ್ಲದು ಎಂಬುದಕ್ಕೆ ದೊರೆತ ಮೊದಲ ಪುರಾವೆ ಇದು. ಈ ಶೋಧಕ್ಕೆ ಜೈವಿಕ ಮಹತ್ವವಿಲ್ಲವೆಂದು ಪ್ರತಿಷ್ಠಿತ ಪತ್ರಿಕೆಯೊಂದು ಅದನ್ನು ತಿರಸ್ಕರಿಸಿತೆಂದೂ, ಕೊನೆಗೆ 1962ರಲ್ಲಿ ಅದು ಬೇರೊಂದು ಪತ್ರಿಕೆಯಲ್ಲಿ ಬೆಳಕು ಕಂಡಿತೆಂದೂ ರಿತೋಸ್ಸ ಅವರೇ ಮುಂದೆ ದಾಖಲಿಸಿದ್ದಾರೆ.

ಈ ಉಬ್ಬುಗಳಿಂದ ಹುಟ್ಟುವ ಪದಾರ್ಥ ಯಾವುದು ಎಂಬುದು ತಿಳಿಯಲು ಹನ್ನೆರಡು ವರ್ಷ ಬೇಕಾಯಿತು. 1974ರಲ್ಲಿ ಆಲ್ಫ್ರೆಡ್ ತಿಸ್ಸಿಯೇರ್ ಮತ್ತು ಅವರ ಸಹೋದ್ಯೋಗಿಗಳು ಶಾಖ ತಗುಲಿದ ನೊಣದ ಕೋಶಗಳಲ್ಲಿ ವಿಶಿಷ್ಟವಾದ ಹೊಸ ಪ್ರೋಟೀನುಗಳು ತಯಾರಾಗುವುದನ್ನು ತೋರಿಸಿದರು. ಇವುಗಳಿಗೆ ಉಷ್ಣಾಘಾತ ಪ್ರೋಟೀನುಗಳೆಂಬ ಹೆಸರು ನಿಂತಿತು. ಸಸ್ಯಗಳಲ್ಲಿ ಈ ವಿದ್ಯಮಾನವನ್ನು ಗುರುತಿಸಿದ ಮೊದಲ ವರದಿಗಳಲ್ಲಿ ಒಂದು 1980ರಲ್ಲಿ ಜೋಸೆಫ್ ಮಸ್ಕರೇನಸ್ ಅವರ ಬಳಗದಿಂದ ಬಂದಿತು. ಮರುವರ್ಷ ಅಮೆರಿಕದ ಜಾರ್ಜಿಯ ವಿಶ್ವವಿದ್ಯಾನಿಲಯದಲ್ಲಿ ಜೋ ಕೀ ಮತ್ತು ಸಂಗಡಿಗರು ಸೋಯಾ ಸಸಿಗಳನ್ನು 28 ಡಿಗ್ರಿಯಿಂದ 40 ಡಿಗ್ರಿಗೆ ಏರಿಸಿದಾಗ ಕೋಶಗಳು ತಮ್ಮ ನಿತ್ಯದ ಪ್ರೋಟೀನುಗಳ ತಯಾರಿಕೆಯನ್ನು ತಗ್ಗಿಸಿ, ಹೊಸದೊಂದು ಗುಂಪಿನ ಪ್ರೋಟೀನುಗಳ ತಯಾರಿಕೆಯಲ್ಲಿ ತೊಡಗುವುದನ್ನು ವಿವರವಾಗಿ ದಾಖಲಿಸಿದರು.

ಇದಕ್ಕಿಂತ ಮುಖ್ಯವಾದ ಶೋಧ 1984ರಲ್ಲಿ ಅದೇ ಬಳಗದಿಂದ ಬಂದಿತು. 45 ಡಿಗ್ರಿಯ ಶಾಖಕ್ಕೆ ನೇರವಾಗಿ ಒಡ್ಡಿದಾಗ ಎರಡು ಗಂಟೆಯಲ್ಲಿ ಸಾಯುವ ಸೋಯಾ ಸಸಿಗಳು, ಮೊದಲು 40 ಡಿಗ್ರಿಯಲ್ಲಿ ಕೆಲಕಾಲ ಇದ್ದು ಅನಂತರ 45 ಡಿಗ್ರಿಗೆ ಏರಿದರೆ ಬದುಕಿ ಉಳಿದವು. ಸಾವನ್ನು ತರದ ಕಾವು, ಸಾವನ್ನು ತರುವ ಕಾವಿಗೆ ಸಸಿಯನ್ನು ಸಿದ್ಧಗೊಳಿಸಿತ್ತು. ಇದನ್ನು ಗಳಿಸಿದ ಶಾಖಸಹಿಷ್ಣುತೆ ಎಂದು ಕರೆಯಲಾಯಿತು. ಒಟ್ಲಿನ ಸಸಿಯನ್ನು ಬಿಸಿಲಿಗೆ ಒಗ್ಗಿಸುವ ರೂಢಿಯು ನೀರು, ಬೆಳಕು, ಶಾಖ ಇವೆಲ್ಲವನ್ನೂ ಒಟ್ಟಾಗಿ ಬಳಸುವಂತಹುದು. ಆದರೂ ಅದರ ಮೂಲ ಗ್ರಹಿಕೆಯ ಒಂದು ಎಳೆಗೆ ಕೋಶದ ಮಟ್ಟದ ವಿವರಣೆ ದೊರೆತುದು ಇಲ್ಲಿ.

ಕೋಶದೊಳಗಿನ ಆರೈಕೆ

ಕೋಶದ ಬಹುಪಾಲು ಕೆಲಸ ಮಾಡುವುದು ಪ್ರೋಟೀನುಗಳು. ಪ್ರತಿಯೊಂದು ಪ್ರೋಟೀನು ಉದ್ದನೆಯ ಸರಪಳಿಯಾಗಿ ಹುಟ್ಟಿ, ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡಾಗ ಮಾತ್ರ ತನ್ನ ಕೆಲಸಕ್ಕೆ ಒದಗುತ್ತದೆ. ಶಾಖ ಹೆಚ್ಚಿದಾಗ ಈ ಮಡಿಕೆಗಳು ಸಡಿಲಗೊಳ್ಳುತ್ತವೆ. ಸಡಿಲಗೊಂಡ ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತವೆ. ಮೊಟ್ಟೆಯ ಬಿಳಿಯ ಭಾಗ ಬೆಂದಾಗ ಗಟ್ಟಿಯಾಗುವುದಕ್ಕೂ ಇದೇ ಕಾರಣ. ಅದೇ ವೇಳೆಗೆ ಕೋಶಪೊರೆಯ ಕೊಬ್ಬಿನಂಶ ತೆಳುವಾಗಿ ಹರಿಯತೊಡಗುತ್ತದೆ, ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ, ಹಾನಿಕಾರಕವಾದ ಆಮ್ಲಜನಕದ ರೂಪಗಳು ಹೆಚ್ಚುತ್ತವೆ.

ಉಷ್ಣಾಘಾತ ಪ್ರೋಟೀನುಗಳ ಕೆಲಸ ಈ ಸಂಕಟದಲ್ಲಿ ಆರೈಕೆ ಮಾಡುವುದು. ಸಸ್ಯಗಳಲ್ಲಿ ವಿಶೇಷವಾಗಿ ವೈವಿಧ್ಯ ಪಡೆದಿರುವ ಚಿಕ್ಕ ಗಾತ್ರದ ಉಷ್ಣಾಘಾತ ಪ್ರೋಟೀನುಗಳು ಬಿಚ್ಚಿಹೋಗುತ್ತಿರುವ ಪ್ರೋಟೀನುಗಳನ್ನು ಹಿಡಿದಿಟ್ಟು ಅವು ಗಂಟಾಗದಂತೆ ನೋಡಿಕೊಳ್ಳುತ್ತವೆ. ದೊಡ್ಡ ಗಾತ್ರದವು ಅವನ್ನು ಮತ್ತೆ ಸರಿಯಾಗಿ ಮಡಿಚಲು ನೆರವಾಗುತ್ತವೆ. ಈಗಾಗಲೇ ಗಂಟಾಗಿರುವುದನ್ನು ಬಿಡಿಸುವ ಕೆಲಸ ಎಚ್‌ಎಸ್‌ಪಿ-101 ಎಂಬ ಪ್ರೋಟೀನಿನದು. 2000ದಲ್ಲಿ ಎಲಿಜಬೆತ್ ವಿಯರ್ಲಿಂಗ್, ಸೂಸನ್ ಲಿಂಡ್‌ಕ್ವಿಸ್ಟ್ ಮತ್ತು ಸಂಗಡಿಗರು ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯದಲ್ಲಿ ನಡೆಸಿದ ಅಧ್ಯಯನಗಳು ಈ ಒಂದು ಪ್ರೋಟೀನು ಇಲ್ಲದಿದ್ದರೆ ಸಸ್ಯವು ಒಗ್ಗಿಸಿದ ಮೇಲೂ ಅತಿಶಾಖವನ್ನು ತಾಳಲಾರದು ಎಂದು ಸ್ಥಾಪಿಸಿದವು. 2003ರಲ್ಲಿ ದೆಹಲಿ ವಿಶ್ವವಿದ್ಯಾನಿಲಯದ ಅನಿಲ್ ಗ್ರೋವರ್ ಅವರ ಬಳಗ ಇದೇ ಪ್ರೋಟೀನಿನ ವಂಶವಾಹಿಯನ್ನು ಬಾಸುಮತಿ ಭತ್ತಕ್ಕೆ ಸೇರಿಸಿ, ಹೆಚ್ಚಿದ ಶಾಖಸಹಿಷ್ಣುತೆಯನ್ನು ವರದಿ ಮಾಡಿತು.

ಈ ಆರೈಕೆಯ ಪಡೆಗೆ ಕರೆ ಕೊಡುವುದು ಯಾವುದು? ಈ ಪ್ರಶ್ನೆಗೆ ಉತ್ತರ ದೊರೆತುದು ಟೊಮೆಟೊ ಗಿಡದಲ್ಲಿ. ಲುಟ್ಸ್ ನೋವರ್ ಮತ್ತು ಕ್ಲಾಸ್ ಡೀಟರ್ ಶಾರ್ಫ್ ಅವರು ಜರ್ಮನಿಯ ಹಾಲೆ ನಗರದಲ್ಲಿ ಟೊಮೆಟೊ ಕೋಶಗಳನ್ನು ದೀರ್ಘಕಾಲ ಅಧ್ಯಯನ ಮಾಡಿ, ಉಷ್ಣಾಘಾತ ವಂಶವಾಹಿಗಳನ್ನು ಚಾಲನೆಗೊಳಿಸುವ ನಿಯಂತ್ರಕ ಪ್ರೋಟೀನುಗಳನ್ನು 1990ರಲ್ಲಿ ಗುರುತಿಸಿದರು. ಇಂತಹ ನಿಯಂತ್ರಕದ ವಂಶವಾಹಿ ಯೀಸ್ಟಿನಲ್ಲಿಯೂ ಹಣ್ಣುನೊಣದಲ್ಲಿಯೂ ಒಂದೊಂದೇ. ಅರಾಬಿಡಾಪ್ಸಿಸ್‌ನಲ್ಲಿ 21 ಇವೆ. ಓಡಿಹೋಗಲಾರದ ಜೀವಿಗೆ ಎಚ್ಚರಿಕೆಯ ಏರ್ಪಾಟುಗಳು ಹೆಚ್ಚು ಬೇಕಾಗಿವೆ ಎಂಬುದನ್ನು ಈ ಸಂಖ್ಯೆ ಸೂಚಿಸುವಂತಿದೆ.

ಸಾಮಾನ್ಯ ಕಾಲದಲ್ಲಿ ಮುಖ್ಯ ನಿಯಂತ್ರಕವನ್ನು ಆರೈಕೆಯ ಪ್ರೋಟೀನುಗಳೇ ಹಿಡಿದಿಟ್ಟಿರುತ್ತವೆ. ಶಾಖ ಏರಿ ಕೋಶದ ಪ್ರೋಟೀನುಗಳು ಬಿಚ್ಚತೊಡಗಿದಾಗ ಅವು ಆ ಕಡೆಗೆ ಧಾವಿಸುತ್ತವೆ. ಬಿಡುಗಡೆಗೊಂಡ ನಿಯಂತ್ರಕವು ಕೋಶಕೇಂದ್ರವನ್ನು ಸೇರಿ ವಂಶವಾಹಿಗಳನ್ನು ಎಬ್ಬಿಸುತ್ತದೆ. ಸಾಕಷ್ಟು ಆರೈಕೆಯ ಪ್ರೋಟೀನುಗಳು ತಯಾರಾಗಿ ಕೆಲಸ ಮುಗಿದಾಗ ಅವು ಮತ್ತೆ ನಿಯಂತ್ರಕವನ್ನು ಹಿಡಿದುಕೊಳ್ಳುತ್ತವೆ. ಕೋಶವು ಶಾಖವನ್ನು ಇಲ್ಲಿ ಅಳೆಯುವುದು ಶಾಖ ಮಾಡುವ ಹಾನಿಯ ಮೂಲಕ.

ಕಾವನ್ನು ಮೊದಲು ಅರಿಯುವುದು ಯಾವುದು

ಹಾನಿಯಾದ ಮೇಲೆ ಎಚ್ಚರಗೊಳ್ಳುವುದು ಒಂದು ಬಗೆ. ಹಾನಿಗೆ ಮುನ್ನವೇ ಕಾವನ್ನು ಗುರುತಿಸುವುದು ಇನ್ನೊಂದು ಬಗೆ. 2000ದ ನಂತರದ ಸಂಶೋಧನೆಗಳ ಒಲವು ಎರಡನೆಯದರ ಕಡೆಗೆ. ಸ್ವಿಟ್ಜರ್ಲೆಂಡಿನ ಲೋಸಾನ್‌ನಲ್ಲಿ ಪಿಯರ್ ಗೊಲುಬಿನಾಫ್ ಅವರ ಬಳಗವು ಪಾಚಿಯಂತೆ ನೆಲಕ್ಕಂಟಿ ಬೆಳೆಯುವ ಹಾವಸೆ ಸಸ್ಯವೊಂದರಲ್ಲಿ, ಶಾಖ ತಗುಲಿದೊಡನೆ ಕೋಶಪೊರೆಯ ನಿರ್ದಿಷ್ಟ ದ್ವಾರಗಳು ತೆರೆದು ಕ್ಯಾಲ್ಸಿಯಂ ಒಳನುಗ್ಗುವುದನ್ನು 2009ರಲ್ಲಿ ತೋರಿಸಿತು. ಆ ಕ್ಯಾಲ್ಸಿಯಂ ಪ್ರವೇಶವೇ ಉಷ್ಣಾಘಾತ ಪ್ರತಿಕ್ರಿಯೆಗೆ ನಾಂದಿ. ಹೊರಗಿನ ಸುದ್ದಿಯನ್ನು ಮೊದಲು ಅರಿಯುವುದು ಕೋಶದ ಹೊರ ಎಲ್ಲೆಯಲ್ಲಿರುವ ಪೊರೆ ಎಂದಾಯಿತು.

ಇವೆಲ್ಲವೂ ಸುಡುವ ಶಾಖಕ್ಕೆ ಸಂಬಂಧಿಸಿದವು. ಸಸ್ಯವು ಹಿತವಾದ ಬೆಚ್ಚನೆಯ ಏರಿಳಿತವನ್ನೂ ಅರಿಯುತ್ತದೆ. 22 ಡಿಗ್ರಿಯಲ್ಲಿ ಒತ್ತಾಗಿ ಬೆಳೆಯುವ ಅರಾಬಿಡಾಪ್ಸಿಸ್ 27 ಡಿಗ್ರಿಯಲ್ಲಿ ಕಾಂಡವನ್ನೂ ಎಲೆಯ ತೊಟ್ಟನ್ನೂ ಉದ್ದವಾಗಿಸಿ ಗಾಳಿಗೆ ಒಡ್ಡಿಕೊಳ್ಳುತ್ತದೆ, ಬೇಗ ಹೂ ಬಿಡುತ್ತದೆ. ಇದನ್ನು ಕುರಿತಂತೆ 2010ರಲ್ಲಿ ಇಂಗ್ಲೆಂಡಿನ ನಾರಿಚ್‌ನಲ್ಲಿ ವಿನೋದ್ ಕುಮಾರ್ ಮತ್ತು ಫಿಲಿಪ್ ವಿಗ್ಗಿ ಅವರು ಡಿಎನ್‌ಎ ಸುತ್ತಿಕೊಂಡಿರುವ ಉಂಡೆಯಂತಹ ರಚನೆಗಳಲ್ಲಿ ಒಂದು ವಿಶೇಷ ಪ್ರೋಟೀನು ತಂಪಿನಲ್ಲಿ ವಂಶವಾಹಿಯನ್ನು ಬಿಗಿಹಿಡಿದು, ಬೆಚ್ಚಗಾದಾಗ ಸಡಿಲಬಿಡುವುದನ್ನು ವಿವರಿಸಿದರು. 2016ರಲ್ಲಿ ಕೇಂಬ್ರಿಜ್ ಮತ್ತು ಬ್ಯೂನಸ್ ಐರಿಸ್‌ನ ಎರಡು ಬಳಗಗಳು ಬೆಳಕನ್ನು ಗ್ರಹಿಸುವ ಫೈಟೊಕ್ರೋಮ್-ಬಿ ಎಂಬ ವರ್ಣಪ್ರೋಟೀನೇ ಉಷ್ಣತೆಯನ್ನೂ ಗ್ರಹಿಸುತ್ತದೆ ಎಂದು ಏಕಕಾಲಕ್ಕೆ ಪ್ರಕಟಿಸಿದವು. ಹಗಲಿನ ಬೆಳಕಿನಿಂದ ಚುರುಕಾದ ಈ ಪ್ರೋಟೀನು ಕತ್ತಲಲ್ಲಿ ನಿಧಾನವಾಗಿ ತಣ್ಣಗಾಗುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಈ ಬದಲಾವಣೆ ಬೇಗ. ಹೀಗೆ ರಾತ್ರಿಯ ಕಾವಿನ ಲೆಕ್ಕ ಕೋಶದಲ್ಲಿ ಉಳಿಯುತ್ತದೆ. 2020ರಲ್ಲಿ ಇಎಲ್‌ಎಫ್-3 ಎಂಬ ಪ್ರೋಟೀನು ಬೆಚ್ಚಗಾದಾಗ ಸಣ್ಣ ಹನಿಗಳಂತೆ ಒಟ್ಟುಗೂಡಿ ತನ್ನ ತಡೆಯುವ ಕೆಲಸವನ್ನು ನಿಲ್ಲಿಸುವುದೂ, ಇನ್ನೊಂದು ಪ್ರೋಟೀನಿನ ಆರ್‌ಎನ್‌ಎ ಸಂದೇಶದ ಮಡಿಕೆ ಬೆಚ್ಚಗಾದಾಗ ಸಡಿಲಗೊಳ್ಳುವುದೂ ತಿಳಿದುಬಂದವು.

ಈ ಶೋಧಗಳನ್ನು ಒಟ್ಟಾಗಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಸಸ್ಯದಲ್ಲಿ ಶಾಖವನ್ನು ಅರಿಯುವ ಒಂದೇ ಇಂದ್ರಿಯವಿಲ್ಲ. ಪೊರೆ, ಪ್ರೋಟೀನು, ಆರ್‌ಎನ್‌ಎ, ಡಿಎನ್‌ಎಯ ಸುತ್ತು ಇವೆಲ್ಲ ತಮ್ಮ ತಮ್ಮ ಭೌತಿಕ ಗುಣದಿಂದಲೇ ಕಾವಿಗೆ ಬದಲಾಗುತ್ತವೆ. ಸಸ್ಯವು ಆ ಬದಲಾವಣೆಗಳನ್ನು ಸುದ್ದಿಯಾಗಿ ಬಳಸಿಕೊಳ್ಳುತ್ತದೆ. ಕಂಡ ಕಾವಿನ ಗುರುತು ಕೆಲವು ದಿನ ಕೋಶಕೇಂದ್ರದಲ್ಲಿ ಉಳಿದು ಮುಂದಿನ ಪ್ರತಿಕ್ರಿಯೆಯನ್ನು ತೀವ್ರಗೊಳಿಸುವುದನ್ನೂ ಜರ್ಮನಿಯ ಪಾಟ್ಸ್‌ಡ್ಯಾಮ್‌ನ ಸಂಶೋಧಕರು ತೋರಿಸಿದ್ದಾರೆ. ಇದನ್ನು ಶಾಖದ ನೆನಪು ಎಂದು ಕರೆಯುವುದು ರೂಢಿಯಾಗಿದೆ.

ಮೊಳಕೆಯಲ್ಲಿ ಪರೀಕ್ಷೆ

ಈ ತಿಳಿವಳಿಕೆಯನ್ನು ಬೆಳೆಯ ಆಯ್ಕೆಗೆ ಬಳಸಿದ ಒಂದು ಮುಖ್ಯ ಪ್ರಯತ್ನ ಕರ್ನಾಟಕದಲ್ಲಿ ನಡೆಯಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಎಂ. ಉದಯಕುಮಾರ್ ಮತ್ತು ಅವರ ಸಹೋದ್ಯೋಗಿಗಳು ತಾಪಪ್ರೇರಿತ ಪ್ರತಿಕ್ರಿಯೆಯ ವಿಧಾನವನ್ನು ಬೆಳೆಸಿದರು. ಅದುವರೆಗೆ ಅನೇಕ ಪರೀಕ್ಷೆಗಳಲ್ಲಿ ಸಸಿಗಳನ್ನು ನೇರವಾಗಿ ಅತಿಶಾಖಕ್ಕೆ ಒಡ್ಡಿ ಅವುಗಳ ಸಾಮರ್ಥ್ಯವನ್ನು ಅಳೆಯಲಾಗುತ್ತಿತ್ತು. ನಿಸರ್ಗದಲ್ಲಿ ಹೊತ್ತು ಹಾಗೆ ಒಮ್ಮೆಲೆ ಏರುವುದಿಲ್ಲ. ಬೆಳಗಿನಿಂದ ಮಧ್ಯಾಹ್ನದವರೆಗೆ ಹಂತ ಹಂತವಾಗಿ ಏರುತ್ತದೆ. ಆದ್ದರಿಂದ ಮೊಳಕೆಗಳಿಗೆ ಮೊದಲು ಕ್ರಮಕ್ರಮವಾಗಿ ಏರುವ, ಸಾವು ತರದ ಶಾಖವನ್ನು ಕೊಟ್ಟು, ಅನಂತರ ಮಾರಕವಾದ ಶಾಖಕ್ಕೆ ಒಡ್ಡಿ, ಚೇತರಿಸಿಕೊಂಡು ಬೆಳೆದವುಗಳನ್ನು ಆರಿಸುವುದು ಈ ವಿಧಾನದ ತಿರುಳು. ನೇರ ಪರೀಕ್ಷೆಯಲ್ಲಿ ಒಂದೇ ತೆರನಾಗಿ ಕಂಡ ತಳಿಗಳ ನಡುವಿನ ನಿಜವಾದ ಅಂತರ, ಅಣಿಗೊಳ್ಳುವ ಅವಕಾಶ ಕೊಟ್ಟಾಗ ಬಯಲಾಯಿತು.

2002ರಲ್ಲಿ ಬಟಾಣಿಯಲ್ಲಿಯೂ 2003ರಲ್ಲಿ ಸೂರ್ಯಕಾಂತಿಯಲ್ಲಿಯೂ ಈ ಅಧ್ಯಯನದ ಫಲಿತಗಳು ಪ್ರಕಟವಾದವು. ಬೆಂಗಳೂರಿನಲ್ಲಿಯೇ ರೂಪುಗೊಂಡಿದ್ದ ಕೆಬಿಎಸ್‌ಎಚ್-1 ಎಂಬ ಸೂರ್ಯಕಾಂತಿ ಸಂಕರದ ತಾಯಿತಂದೆ ತಳಿಗಳಲ್ಲಿ, ಶುದ್ಧವೆಂದು ಭಾವಿಸಲಾಗಿದ್ದ ಸಾಲುಗಳಲ್ಲಿಯೂ ಉಳಿದುಕೊಂಡಿದ್ದ ಭಿನ್ನತೆಯಿಂದ ಹೆಚ್ಚು ತಾಳಿಕೆಯ ಸಸಿಗಳನ್ನು ಆರಿಸಲು ಸಾಧ್ಯವಾಯಿತು. ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆಗೆ ಇದು ಅಕ್ಷರಶಃ ಒಪ್ಪುವ ನಿದರ್ಶನ. ಈ ಪ್ರಯೋಗದಲ್ಲಿ ಇನ್ನೂ ಒಂದು ಪಾಠವಿದೆ. ಆರಿಸಲು ಸಾಧ್ಯವಾದುದು ಭಿನ್ನತೆ ಉಳಿದಿದ್ದರಿಂದ. ಎಲ್ಲವೂ ಒಂದೇ ಆಗಿದ್ದಲ್ಲಿ ಯಾವ ಜಾಣ ವಿಧಾನಕ್ಕೂ ಆರಿಸಲು ಏನೂ ಇರುತ್ತಿರಲಿಲ್ಲ.

ಹೂವಿನ ಗಳಿಗೆ ಮತ್ತು ಬೀಜದ ಋಣ

ಮೊಳಕೆ ತಾಳಿದ ಮಾತ್ರಕ್ಕೆ ಕಣಜ ತುಂಬುವುದಿಲ್ಲ. ಕಾಳಿನ ಬೆಳೆಗಳಲ್ಲಿ ಅತ್ಯಂತ ಸೂಕ್ಷ್ಮವಾದುದು ಹೂವಿನ ಗಳಿಗೆ. ಭತ್ತದ ಹೂ ಮುಂಜಾನೆಯ ನಂತರ ಒಂದೆರಡು ಗಂಟೆಯ ಅವಧಿಯಲ್ಲಿ ತೆರೆದು ಮುಚ್ಚುತ್ತದೆ. ಆ ಹೊತ್ತಿನಲ್ಲಿ ಉಷ್ಣತೆ 35 ಡಿಗ್ರಿಯನ್ನು ಮೀರಿದರೆ ಪರಾಗವು ಸರಿಯಾಗಿ ಉದುರದೆ, ಮೊಳೆಯದೆ ಕಾಳು ಜೊಳ್ಳಾಗಬಹುದು ಎಂಬುದನ್ನು ಫಿಲಿಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಸತಾಕೆ ಮತ್ತು ಯೋಷಿದ ಅವರು 1978ರಲ್ಲಿ ವಿವರಿಸಿದರು. ಗೋಧಿಯಲ್ಲಿ ಕಾಳು ತುಂಬುವ ಹಂತವೂ ಹೀಗೆಯೇ. ಭಾರತದಲ್ಲಿ 2022ರ ಮಾರ್ಚ್ ತಿಂಗಳು 1901ರಿಂದೀಚೆಗಿನ ದಾಖಲೆಯಲ್ಲಿ ಅದುವರೆಗಿನ ಅತ್ಯಂತ ಬಿಸಿಯಾದ ಮಾರ್ಚ್ ಆಗಿತ್ತು. ಉತ್ತರದ ರಾಜ್ಯಗಳಲ್ಲಿ ಗೋಧಿಯ ಕಾಳು ಸುರುಟಿತು. ಆ ವರ್ಷದ ಮೇ 13ರಂದು ಕೇಂದ್ರ ಸರ್ಕಾರ ಗೋಧಿಯ ರಫ್ತನ್ನು ನಿಷೇಧಿಸಿತು. ಕೋಶದೊಳಗಿನ ಮಡಿಕೆ ಸಡಿಲಗೊಂಡರೆ ಅದರ ಪರಿಣಾಮ ದೇಶದ ಉಗ್ರಾಣದವರೆಗೆ ಮುಟ್ಟುತ್ತದೆ.

ಹೂವಿನ ಗಳಿಗೆಯ ಶಾಖವನ್ನು ತಾಳುವ ತಳಿಗಳಿಗಾಗಿ ಜಗತ್ತಿನ ಸಂಶೋಧಕರು ಹುಡುಕಿದಾಗ ಮತ್ತೆ ಮತ್ತೆ ಎದುರಾದ ಹೆಸರು ಉತ್ತರ ಪ್ರದೇಶದ ನಗೀನಾದ ಹೆಸರು ಹೊತ್ತ 'ನಗೀನಾ-22' ಎಂಬ ಭತ್ತ. ಅದರ ಮೂಲ ದೇಸಿ ಭತ್ತದಲ್ಲಿದೆ. ಇಳುವರಿಯ ಪೈಪೋಟಿಯಲ್ಲಿ ಹಿಂದೆ ಸರಿದ ಈ ತಳಿ ಶಾಖಸಹಿಷ್ಣುತೆಯ ಅಧ್ಯಯನಗಳಲ್ಲಿ ಅಳತೆಗೋಲಾಯಿತು.

ಇನ್ನೂ ವಿಸ್ತಾರವಾದ ನಿದರ್ಶನ ಆಫ್ರಿಕದ ಭತ್ತದ್ದು. ಏಷ್ಯದ ಭತ್ತಕ್ಕಿಂತ ಭಿನ್ನವಾದ ಈ ಪ್ರಭೇದವನ್ನು ಸುಮಾರು 3000 ವರ್ಷಗಳ ಹಿಂದೆ ಪಶ್ಚಿಮ ಆಫ್ರಿಕದ ನೈಜರ್ ನದಿಯ ಸೀಮೆಯ ಜನರು ಬೇಸಾಯಕ್ಕೆ ಒಳಪಡಿಸಿದರು. ಶಾಂಘೈನ ಲಿನ್ ಹೊಂಗ್‌ಷುವಾನ್ ಅವರ ಬಳಗ 2015ರಲ್ಲಿ ಈ ಆಫ್ರಿಕದ ಭತ್ತದಿಂದ ಟಿಟಿ-1 ಎಂಬ ವಂಶವಾಹಿಯನ್ನು ಗುರುತಿಸಿತು. ಶಾಖದಿಂದ ಕೆಟ್ಟ ಪ್ರೋಟೀನುಗಳನ್ನು ಬೇಗ ವಿಲೇವಾರಿ ಮಾಡುವುದು ಅದರ ಕೆಲಸ. 2022ರಲ್ಲಿ ಅದೇ ಬಳಗದವರು ಸಿಜಿ-14 ಎಂಬ ಆಫ್ರಿಕದ ಭತ್ತದಲ್ಲಿ ಟಿಟಿ-3 ಎಂಬ ಇನ್ನೊಂದು ನೆಲೆಯನ್ನು ಕಂಡರು. ಅಲ್ಲಿರುವ ಎರಡು ವಂಶವಾಹಿಗಳಲ್ಲಿ ಒಂದರ ಪ್ರೋಟೀನು ಕೋಶಪೊರೆಯಲ್ಲಿರುತ್ತದೆ. ಕಾವು ಏರಿದಾಗ ಅದು ಪೊರೆಯಿಂದ ಒಳಕ್ಕೆ ಸರಿದು, ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಕ್ಕೆ ಕೇಡು ಮಾಡುವ ಎರಡನೆಯ ಪ್ರೋಟೀನನ್ನು ನಾಶಕ್ಕೆ ಒಯ್ಯುತ್ತದೆ. ಪೊರೆಯಲ್ಲಿ ಕಂಡ ಕಾವಿನ ಸುದ್ದಿ ಹಸಿರು ಕಣವನ್ನು ಕಾಪಾಡುವ ಬಗೆ ಹೀಗೆ ತಿಳಿಯಿತು. ಈ ನೆಲೆಯನ್ನು ಏಷ್ಯದ ಭತ್ತಕ್ಕೆ ತಂದಾಗ ಬಿಸಿಯಲ್ಲಿಯೂ ಇಳುವರಿ ಉಳಿಯಿತು.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಇನ್ನೊಂದು ಪದರವಿದೆ. ದಕ್ಷಿಣ ಅಮೆರಿಕದ ಸುರಿನಾಮ್ ಮತ್ತು ಫ್ರೆಂಚ್ ಗಯಾನ ಸೀಮೆಯಲ್ಲಿ, ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಆಫ್ರಿಕನ್ನರ ಸಂತತಿಯವರಾದ ಮರೂನ್ ಜನರಲ್ಲಿ ಒಂದು ಕಥನವಿದೆ. ತಮ್ಮ ಪೂರ್ವಜೆಯೊಬ್ಬಳು ಭತ್ತದ ಕಾಳುಗಳನ್ನು ತಲೆಗೂದಲಲ್ಲಿ ಬಚ್ಚಿಟ್ಟು ತಂದಳು ಎಂಬುದು ಅದರ ಸಾರ. ಭೂಗೋಳಶಾಸ್ತ್ರಜ್ಞೆ ಜೂಡಿತ್ ಕಾರ್ನಿ ಅವರು ಅಮೆರಿಕ ಖಂಡಗಳ ಭತ್ತದ ಬೇಸಾಯಕ್ಕೆ ಆಫ್ರಿಕನ್ನರ ಜ್ಞಾನ ಆಧಾರವಾಗಿತ್ತು ಎಂದು ವಾದಿಸುವಾಗ ಇಂತಹ ಕಥನಗಳನ್ನು ಗಂಭೀರವಾಗಿ ಪರಿಗಣಿಸಿದರು. 2016ರಲ್ಲಿ ಸುರಿನಾಮ್‌ನ ಮರೂನರು ಬೆಳೆಯುತ್ತಿದ್ದ ಆಫ್ರಿಕದ ಭತ್ತದ ತಳಿನಕ್ಷೆಯನ್ನು ಪರೀಕ್ಷಿಸಿದಾಗ ಅದು ಐವರಿ ಕೋಸ್ಟಿನ ಪಶ್ಚಿಮ ಭಾಗದ ಭತ್ತಕ್ಕೆ ಹತ್ತಿರವಾಗಿರುವುದು ಕಂಡುಬಂತು. ಕೂದಲಲ್ಲಿ ಕಾಳು ಬಚ್ಚಿಟ್ಟ ಹೆಣ್ಣು ಯಾರೆಂದು ತಳಿನಕ್ಷೆ ಹೇಳಲಾರದು. ಬೀಜ ಸಾಗರ ದಾಟಿದ್ದು ನಿಜವೆಂಬುದನ್ನು ಅದು ಹೇಳುತ್ತದೆ.

ಅದೇ ಆಫ್ರಿಕದ ಭತ್ತವನ್ನು ಪಶ್ಚಿಮ ಆಫ್ರಿಕದಲ್ಲಿಯೇ ಹೆಚ್ಚು ಇಳುವರಿಯ ಏಷ್ಯದ ಭತ್ತ ಬಹುಮಟ್ಟಿಗೆ ಪಕ್ಕಕ್ಕೆ ಸರಿಸಿದೆ. ಹಿಂದುಳಿದ ಬೆಳೆಯೆಂದು ಪರಿಗಣಿತವಾದುದರಲ್ಲಿಯೇ ಮುಂದಿನ ಶತಮಾನಕ್ಕೆ ಬೇಕಾದ ವಂಶವಾಹಿ ಅಡಗಿತ್ತು. ಅದನ್ನು ಯಾವ ಹಳ್ಳಿಯವರೂ ಬೆಳೆಯದೆ ಬಿಟ್ಟಿದ್ದರೆ ಶಾಂಘೈನ ಪ್ರಯೋಗಾಲಯಕ್ಕೆ ಹುಡುಕಲು ಏನೂ ಉಳಿಯುತ್ತಿರಲಿಲ್ಲ.

ವಿಜ್ಞಾನದ ಲೇಖನಗಳಲ್ಲಿ ವಂಶವಾಹಿಯನ್ನು ಗುರುತಿಸಿದವರ ಹೆಸರಿರುತ್ತದೆ. ಬೀಜವನ್ನು ಉಳಿಸಿದವರ ಜಾಗದಲ್ಲಿ ತಳಿಯ ಸಂಕೇತಸಂಖ್ಯೆ ಇರುತ್ತದೆ. ಈ ಅಸಮತೆಯನ್ನು ಕಾನೂನು ಭಾಗಶಃ ಗುರುತಿಸಿದೆ. ಭಾರತದ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001, ಬೀಜವನ್ನು ಉಳಿಸುವ, ಬಿತ್ತುವ, ಹಂಚಿಕೊಳ್ಳುವ ರೈತರ ಹಕ್ಕನ್ನು ಎತ್ತಿಹಿಡಿಯುತ್ತದೆ. ಸಾಂಪ್ರದಾಯಿಕ ತಳಿಗಳನ್ನು ಕಾಪಾಡಿದ ಸಮುದಾಯಗಳಿಗೆ ಲಾಭದಲ್ಲಿ ಪಾಲು ಮತ್ತು ಮನ್ನಣೆ ಸಲ್ಲಬೇಕೆಂಬ ತತ್ವವನ್ನೂ ಅದು ಒಪ್ಪುತ್ತದೆ. ಆದರೆ ಬೀಜ ದೇಶಗಳ ಗಡಿ ದಾಟಿ, ಅದರೊಳಗಿನ ವಂಶವಾಹಿ ಅಕ್ಷರಗಳ ಸಾಲಾಗಿ ಗಣಕಯಂತ್ರವನ್ನು ಸೇರಿದ ಮೇಲೆ ಈ ಋಣವನ್ನು ತೀರಿಸುವ ದಾರಿ ಕ್ಲಿಷ್ಟವಾಗುತ್ತದೆ.

ಉಪಸಂಹಾರ

ಸ್ಯಾಕ್ಸ್‌ನ ಮಿತಿಯ ಅಳತೆಯಿಂದ ಟಿಟಿ-3ರವರೆಗಿನ ಸುಮಾರು ಒಂದೂವರೆ ಶತಮಾನದ ನಡೆಯಲ್ಲಿ ಸಸ್ಯವನ್ನು ಕುರಿತ ದೃಷ್ಟಿಯೇ ಬದಲಾಗಿದೆ. ಶಾಖಕ್ಕೆ ಸುಮ್ಮನೆ ಬಲಿಯಾಗುವ ವಸ್ತುವಿನಂತೆ ಕಂಡಿದ್ದ ಗಿಡ, ಕಾವನ್ನು ಹಲವು ನೆಲೆಗಳಲ್ಲಿ ಅರಿಯುವ, ಮುಂಚಿತವಾಗಿ ಸಿದ್ಧಗೊಳ್ಳುವ, ಕಂಡದ್ದನ್ನು ಕೆಲಕಾಲ ನೆನಪಿಡುವ ಜೀವಿಯಾಗಿ ಇಂದು ಪರಿಚಿತವಾಗಿದೆ. ಈ ಅರಿವನ್ನು ದೊರಕಿಸಿಕೊಟ್ಟ ಕೀರ್ತಿ ನಿಸ್ಸಂದೇಹವಾಗಿ ಪ್ರಾಯೋಗಿಕ ವಿಜ್ಞಾನಕ್ಕೆ ಸಲ್ಲುತ್ತದೆ. ಜನಪದರಿಗೆ ಇದೆಲ್ಲ ಮೊದಲೇ ತಿಳಿದಿತ್ತು ಎಂಬ ಮಾತು ಅಭಿಮಾನದ್ದೇ ಹೊರತು ಚರಿತ್ರೆಯದಲ್ಲ. ಜನಪದರಿಗೆ ಕ್ಯಾಲ್ಸಿಯಂ ದ್ವಾರಗಳ ವಿಷಯ ತಿಳಿದಿರಲಿಲ್ಲ. ಯಾವ ತೆನೆ ಬಿಸಿಲಿನ ವರ್ಷದಲ್ಲಿಯೂ ಜೊಳ್ಳಾಗಲಿಲ್ಲ ಎಂಬುದು ತಿಳಿದಿತ್ತು. ಆ ತೆನೆಯನ್ನು ಬೇರೆ ತೆಗೆದು, ಬೂದಿ ಬೆರೆಸಿ, ಬೀಜಕ್ಕೆಂದು ಕಟ್ಟಿಡುವುದು ತಿಳಿದಿತ್ತು.

ಜಾನಪದ ಸಂಶೋಧನೆಗೆ ಇದರಿಂದ ಒಂದು ಹೊಣೆ ಒದಗುತ್ತದೆ. ಬೀಜವನ್ನು ಬೀಜಬ್ಯಾಂಕಿನ ಶೀತಲ ಕೋಣೆಯಲ್ಲಿ ಕಾಪಾಡಬಹುದು. ಆದರೆ ಅದನ್ನು ಯಾವ ನೆಲದಲ್ಲಿ, ಯಾವ ಮಳೆಗೆ, ಯಾವ ಗುಣಕ್ಕಾಗಿ ಬೆಳೆಯುತ್ತಿದ್ದರು, ಬರದ ವರ್ಷದಲ್ಲಿ ಅದು ಹೇಗೆ ನಡೆದುಕೊಂಡಿತು ಎಂಬುದು ಶೀತಲ ಕೋಣೆಯ ಚೀಟಿಯಲ್ಲಿ ಇರುವುದಿಲ್ಲ. ಬೆಳೆದವರ ಮಾತಿನಲ್ಲಿ ಇರುತ್ತದೆ. ಕರ್ನಾಟಕದ ರಾಗಿ, ಜೋಳ, ಭತ್ತಗಳ ದೇಸಿ ತಳಿಗಳನ್ನು ಬಲ್ಲ ಹಿರಿಯರ ತಲೆಮಾರು ಮರೆಯಾಗುತ್ತಿರುವ ಈ ಹೊತ್ತಿನಲ್ಲಿ ಆ ಮಾತನ್ನು ತಳಿಯ ಹೆಸರಿನೊಂದಿಗೆ, ಊರಿನ ಹೆಸರಿನೊಂದಿಗೆ, ಹೇಳಿದವರ ಒಪ್ಪಿಗೆಯಿದ್ದಲ್ಲಿ ಅವರ ಹೆಸರಿನೊಂದಿಗೆ ದಾಖಲಿಸುವುದು ತುರ್ತಾಗಿ ಆಗಬೇಕಾದ ಕೆಲಸ. ಮುಂದೆ ಆ ಕಾಳಿನೊಳಗೆ ಹೊಸದೊಂದು ವಂಶವಾಹಿ ದೊರೆತಾಗ ಅದನ್ನು ಉಳಿಸಿದ ಊರು ಯಾವುದೆಂಬ ಪ್ರಶ್ನೆಗೆ ಉತ್ತರವಿರುವುದು ಆ ದಾಖಲೆಯಲ್ಲಿ ಮಾತ್ರ.